ಹತ್ತು ಸಾವಿರ ಹೆಜ್ಜೆ ಅಂತ ಹೇಳಿದ್ಯಾರು? ನಮ್ಮ ಫೋನಿನ ಫಿಟ್‌ನೆಸ್ ಆ್ಯಪ್‌ಗಳ ಕಥೆ

ಭಾಗ 1/10

ರಾತ್ರಿ 11:40. ಟಿವಿ ಆಫ್, ಲೈಟ್ ಆಫ್. ಅಪ್ಪ ಮಾತ್ರ ಫೋನ್ ಕೈಲಿ ಹಿಡ್ಕೊಂಡು ಹಾಲ್‌ನಲ್ಲಿ ಸೋಫಾ ಸುತ್ತ ಸುತ್ತುತ್ತಿದ್ದಾರೆ.

"ಏನಪ್ಪಾ, ನಿದ್ದೆ ಬರ್ತಿಲ್ವಾ?" ಅಂದೆ.

"ಇನ್ನು 360 ಬಾಕಿ ಕಣೆ. ಹನ್ನೆರಡರೊಳಗೆ ಮುಗಿಸ್ಬೇಕು."

ಅಪ್ಪಂಗೆ ಶುಗರ್ ಇದೆ. ಯಲಹಂಕ ಹಳೇ ಊರಲ್ಲಿ ಪ್ರಾವಿಷನ್ ಸ್ಟೋರ್ ಇಟ್ಕೊಂಡಿದ್ದಾರೆ. ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತೂವರೆವರೆಗೂ ಗಲ್ಲಾ ಮುಂದೆ ಕೂತಿರೋ ಮನುಷ್ಯ. ಡಾಕ್ಟ್ರು ಹೇಳಿದ್ದು "ದಿನಾ ಸ್ವಲ್ಪ ನಡೀರಿ" ಅಂತ ಅಷ್ಟೇ. ಹತ್ತು ಸಾವಿರ ಅಂತ ಹೇಳಿದ್ದು ಫೋನು. ಅಪ್ಪ ಈಗ ಡಾಕ್ಟ್ರ ಮಾತಿಗಿಂತ ಫೋನಿನ ಮಾತನ್ನೇ ಜಾಸ್ತಿ ಕೇಳ್ತಾರೆ.

ಅವತ್ತು ನನಗೆ ಒಂದು ಪ್ರಶ್ನೆ ಬಂತು. ಒಂಬತ್ತು ಸಾವಿರ ಯಾಕಲ್ಲ? ಹನ್ನೊಂದು ಯಾಕಲ್ಲ? ಈ ಹತ್ತು ಸಾವಿರ ಅನ್ನೋ ಲೆಕ್ಕ ಬರೆದವರು ಯಾರು?

ನಾನು ಬಿ.ಕಾಂ. ನಮಗೆ ಮೊದಲ ವರ್ಷದಿಂದ ಹೇಳ್ಕೊಡೋದು ಒಂದೇ: ಯಾವುದೇ ಅಂಕಿ ಕಂಡ್ರೂ ಅದರ ಹಿಂದಿನ ವೋಚರ್ ಎಲ್ಲಿದೆ ಅಂತ ಕೇಳು. ಸರಿ, ಈ ಅಂಕಿಯ ವೋಚರ್ ಹುಡುಕೋಣ ಅಂತ ಹೊರಟೆ. ಅದು ಜಪಾನಿಗೆ ಹೋಯ್ತು, ಅಲ್ಲಿಂದ ನಮ್ಮ ಪೇಟೆಯ ಗರಡಿ ಮನೆಗೆ ಬಂತು, ಕೊನೆಗೆ ನಮ್ಮನೆ ಅಡುಗೆಮನೆಗೇ ಬಂದು ನಿಂತ್ಕೊಂತು.

ಇದನ್ನೆಲ್ಲ ಬರೀಬೇಕು ಅನ್ಸಿದ್ದಕ್ಕೆ ಇನ್ನೊಂದು ಕಾರಣ ಇದೆ. ಹೋದ ವರ್ಷ ಇಂಥದ್ದೇ ಒಂದು ಆ್ಯಪ್ ನಂಬ್ಕೊಂಡು ನಾನೇ ಹೆಬ್ಬಾಳದ ಬಸ್‌ಸ್ಟಾಪ್‌ನಲ್ಲಿ ಕುಸಿದು ಬಿದ್ದೆ. ಅದನ್ನ ಒಂಬತ್ತನೇ ಭಾಗದಲ್ಲಿ ಹೇಳ್ತೀನಿ. ಅಲ್ಲಿಗೇ ಹಾರಬೇಡಿ ದಯವಿಟ್ಟು, ವರಸೆಯಾಗಿ ಓದಿ.

ಓದೋ ಮುಂಚೆ ಕಾಮೆಂಟಲ್ಲಿ ಹೇಳಿ: ಇವತ್ತು ನಿಮ್ಮ ಸ್ಟೆಪ್ಸ್ ಎಷ್ಟು?

#ಹತ್ತುಸಾವಿರಹೆಜ್ಜೆ #ಯಲಹಂಕ #ಕನ್ನಡದಲ್ಲಿಇತಿಹಾಸ

ಭಾಗ 2/10

ನಿನ್ನೆ ಕಾಮೆಂಟಲ್ಲಿ ಬಂದ ಅತಿ ಚಿಕ್ಕ ಅಂಕಿ 212. ಆ ಗೆಳತಿಗೆ ನಮಸ್ಕಾರ, ಭಾನುವಾರ ಅಂದ್ರೆ ಹಂಗೇ ಇರ್ಬೇಕು.

ವಿಷಯಕ್ಕೆ ಬರೋಣ. 1964ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೀತು. ಜಪಾನಿನಲ್ಲಿ ವ್ಯಾಯಾಮದ ಗಾಳಿ ಬೀಸ್ತಿದ್ದ ಕಾಲ ಅದು. ಮರುವರ್ಷ, 1965ರಲ್ಲಿ, ಯಮಾಸಾ ಅನ್ನೋ ಕಂಪನಿ ಸೊಂಟಕ್ಕೆ ಸಿಕ್ಕಿಸ್ಕೊಳ್ಳೋ ಹೆಜ್ಜೆ ಎಣಿಸುವ ಯಂತ್ರವನ್ನ ಮಾರುಕಟ್ಟೆಗೆ ಬಿಡ್ತು. ಹೆಸರು 'ಮಾನ್‌ಪೊ-ಕೇ'. ಮಾನ್ ಅಂದ್ರೆ ಹತ್ತು ಸಾವಿರ, ಪೊ ಅಂದ್ರೆ ಹೆಜ್ಜೆ, ಕೇ ಅಂದ್ರೆ ಅಳೆಯೋ ಸಾಧನ. ಅಂದ್ರೆ 'ಹತ್ತು ಸಾವಿರ ಹೆಜ್ಜೆ ಮೀಟರ್'.

ಅಷ್ಟೇ. ಮೊದಲು ಅದು ಒಂದು ವಸ್ತುವಿನ ಹೆಸರು. ಹತ್ತು ಸಾವಿರ ಬರೆಯೋ ಜಪಾನಿ ಅಕ್ಷರ ನೋಡೋಕೆ ಸ್ವಲ್ಪ ನಡೆಯುತ್ತಿರೋ ಮನುಷ್ಯನ ಹಾಗೆ ಕಾಣುತ್ತೆ, ಅದಕ್ಕೇ ಆ ಹೆಸರು ಅಂತಾನೂ ಹೇಳ್ತಾರೆ. ದುಂಡಗಿನ ಅಂಕಿ, ಬಾಯಲ್ಲಿ ನಿಲ್ಲೋ ಹೆಸರು. ನಮ್ಮ ಮಾರ್ಕೆಟಿಂಗ್ ಪೇಪರ್‌ನಲ್ಲಿ ಕೇಳಿದ್ರೆ ಐದು ಮಾರ್ಕ್ಸ್‌ನ ಉದಾಹರಣೆ.

ಹಾಗಾದ್ರೆ ಅದು ಸುಳ್ಳಾ? ಪೂರ್ತಿ ಸುಳ್ಳಲ್ಲ, ಜಾಸ್ತಿ ನಡೆದ್ರೆ ಒಳ್ಳೇದೇ. ಆದ್ರೆ ಅದು ಪಾಸ್ ಮಾರ್ಕ್ಸ್ ಅಲ್ಲ. ಹಾರ್ವರ್ಡ್‌ನ ಐ-ಮಿನ್ ಲೀ ಅನ್ನೋ ಪ್ರೊಫೆಸರ್ ಮತ್ತು ಅವರ ತಂಡ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಅಮೆರಿಕದ 16,741 ಮಹಿಳೆಯರು, ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕೋರಿಗಿಂತ ಸುಮಾರು 4,400 ಹೆಜ್ಜೆ ಹಾಕೋರಲ್ಲಿ ಸಾವಿನ ಪ್ರಮಾಣ ಶೇ. 40ರಷ್ಟು ಕಡಿಮೆ ಇತ್ತು. ಸುಮಾರು 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಇದು ವಯಸ್ಸಾದ ಹೆಂಗಸರ ಲೆಕ್ಕ, ಎಲ್ಲರಿಗೂ ಹಾಗೇ ಅಂಟಿಸೋಕಾಗಲ್ಲ. ಆದ್ರೆ 10,000 ಅನ್ನೋದು ಗೆರೆ ಅಲ್ಲ ಅನ್ನೋದು ಮಾತ್ರ ಸ್ಪಷ್ಟ.

ಅಪ್ಪಂಗೆ ಇದನ್ನ ಓದಿ ಹೇಳಿದೆ. ಒಂದು ನಿಮಿಷ ಸುಮ್ನಿದ್ದು, "ಹಂಗಾದ್ರೆ ನಿನ್ನೆ ರಾತ್ರಿ ಸುತ್ತಿದ್ದು ವೇಸ್ಟಾ?" ಅಂದ್ರು. "ವೇಸ್ಟ್ ಅಲ್ಲಪ್ಪ, ಆದ್ರೆ ಆ 360ಕ್ಕೋಸ್ಕರ ನಿದ್ದೆ ಕೆಡಿಸ್ಕೊಬೇಡಿ" ಅಂದೆ.

#ಮಾನ್‌ಪೊಕೇ #ಲೆಕ್ಕಕೇಳಿ

ಭಾಗ 3/10

ಇವತ್ತು ಜಪಾನ್ ಬಿಟ್ಟು ನಮ್ಮೂರಿಗೆ ಬನ್ನಿ.

ಆ್ಯಪ್ ಬರೋ ಮುಂಚೆ ಬೆಂಗಳೂರಲ್ಲಿ ಮೈ ಹುರಿ ಮಾಡ್ತಿದ್ದದ್ದು ಎಲ್ಲಿ? ಗರಡಿ ಮನೆಯಲ್ಲಿ. ಕೆಮ್ಮಣ್ಣಿನ ಅಖಾಡ, ಗದೆ, ದಂಡೆ, ಬಸ್ಕಿ, ಗೋಡೆಯಲ್ಲಿ ಹನುಮಂತ. ಬೆಂಗಳೂರು ಕರಗ ನೋಡಿದ್ದೀರಲ್ಲ, ಅಲ್ಲಿ ಕತ್ತಿ ಹಿಡಿದು ಬರೋ ವೀರಕುಮಾರರಿಗೆ ಈ ಗರಡಿ ಮನೆಗಳ ನಂಟು ಇವತ್ತಿಗೂ ಇದೆ. ಅಲ್ಲಿ ಎಣಿಸೋನು ಉಸ್ತಾದ. ನೀನು ಬಸ್ಕಿ ಕದ್ದರೆ ಅವನಿಗೆ ಗೊತ್ತಾಗುತ್ತೆ. ಜ್ವರ ಬಂದಿದ್ರೆ ಅದೂ ಗೊತ್ತಾಗುತ್ತೆ, ಯಾಕಂದ್ರೆ ಅವನು ಎದುರಿಗೇ ಇರ್ತಾನೆ.

ಆಮೇಲೆ ಬಂದವರು ಕೆ.ವಿ. ಅಯ್ಯರ್. 1897ರಲ್ಲಿ ಕೋಲಾರದ ಕಡೆಯ ದೇವರಾಯಸಮುದ್ರದಲ್ಲಿ ಹುಟ್ಟಿದವರು. ಕನ್ನಡ ಮೇಜರ್ ಗೆಳೆಯರಿಗೆ ಇವರು 'ಶಾಂತಲಾ', 'ರೂಪದರ್ಶಿ' ಬರೆದ ಕಾದಂಬರಿಕಾರ. ನಾಟಕಕಾರ ಕೈಲಾಸಂ ಅವರಿಗೆ ಆಪ್ತರು. ಆದ್ರೆ ಬೆಂಗಳೂರಿನ ಹಳೇ ಹುಡುಗರಿಗೆ ಅವರು ವ್ಯಾಯಾಮಶಾಲೆಯ ಮೇಷ್ಟ್ರು. ಡಂಬೆಲ್, ಬಾರ್ಬೆಲ್ ಜೊತೆಗೆ ಸೂರ್ಯನಮಸ್ಕಾರ, ಆಸನ ಸೇರಿಸಿ ಪಾಠ ಮಾಡ್ತಿದ್ರು. 1930ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕ ತಂದ್ರು. ಹೆಸರು ಏನು ಗೊತ್ತಾ? 'ಮಸಲ್ ಕಲ್ಟ್'. ಹೌದು, ಕಲ್ಟ್! ಇವತ್ತು ಬೆಂಗಳೂರಿನ ಯಾವ ಜಿಮ್ ಆ್ಯಪ್ ಹೆಸರಲ್ಲಿ ಆ ಪದ ಇದೆ ಅಂತ ನಾನು ಹೇಳ್ಬೇಕಿಲ್ಲ. ಇದು ಬರೀ ಕಾಕತಾಳೀಯ, ಆದ್ರೂ ಮಜಾ ಇದೆ.

ನನ್ನನ್ನ ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಅಯ್ಯರ್ ಅಂಚೆ ಮೂಲಕ ವ್ಯಾಯಾಮ ಕಲಿಸ್ತಿದ್ರು! ಬೆಂಗಳೂರಿಗೆ ಬರೋಕಾಗದವರಿಗೆ ಕರೆಸ್ಪಾಂಡೆನ್ಸ್ ಕೋರ್ಸ್. ಪಾಠ ಟಪಾಲಲ್ಲಿ ಹೋಗೋದು. ತಮ್ಮದೇ ಪೋಸ್‌ಗಳ ಫೋಟೊಗಳನ್ನೂ ಪುಸ್ತಕದಲ್ಲಿ ಹಾಕ್ತಿದ್ರು. ಈ ಪದ್ಧತಿ ಅವರೊಬ್ಬರದೇ ಅಲ್ಲ. ಯುರೋಪಿನ ಯೂಜೆನ್ ಸ್ಯಾಂಡೋ ಕೂಡ ಅಂಚೆ ಪಾಠ ಮಾರ್ತಿದ್ದ, 1904-05ರಲ್ಲಿ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟು ಹೋಗಿದ್ದ.

ಯೋಚನೆ ಮಾಡಿ. ದೂರದಲ್ಲಿರೋ ಮೇಷ್ಟ್ರು, ಅವನ ಮೈಕಟ್ಟಿನ ಫೋಟೊ, ಮನೆಯಲ್ಲೇ ವ್ಯಾಯಾಮ, ಅದಕ್ಕೊಂದು ಫೀಸು. ಫಿಟ್‌ನೆಸ್ ಆ್ಯಪ್‌ನ ಅಸ್ಥಿಪಂಜರ ನೂರು ವರ್ಷದ ಹಿಂದೇನೇ ರೆಡಿ ಇತ್ತು. ಒಂದೇ ವ್ಯತ್ಯಾಸ: ಅಯ್ಯರ್ ಕಳಿಸಿದ ಕಾಗದಕ್ಕೆ ನಿಮ್ಮನ್ನ ನೋಡೋ ಕಣ್ಣಿರಲಿಲ್ಲ. ನೀವಾಗಿ ಕಾಗದ ಬರೆದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಈ ಮಾತು ನೆನಪಿಟ್ಕೊಳ್ಳಿ, ಎಂಟನೇ ಭಾಗಕ್ಕೆ ಬೇಕಾಗುತ್ತೆ.

#ಕೆವಿಅಯ್ಯರ್ #ಗರಡಿಮನೆ #ಬೆಂಗಳೂರುಇತಿಹಾಸ

ಭಾಗ 4/10

ಕಾಗದಕ್ಕೆ ಕಣ್ಣು ಬಂದಿದ್ದು ಹೇಗೆ?

ನಿಮ್ಮ ಫೋನೊಳಗೆ ಅಕ್ಸೆಲರೋಮೀಟರ್ ಅಂತ ಒಂದು ಚಿಪ್ ಇದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾನ್ ತುಂಡು, ಅಷ್ಟೇ ಸಣ್ಣ ಸ್ಪ್ರಿಂಗ್‌ಗಳ ಮೇಲೆ ತೂಗಾಡ್ತಿರುತ್ತೆ. ಫೋನ್ ಅಲ್ಲಾಡಿದ್ರೆ ಅದೂ ಅಲ್ಲಾಡುತ್ತೆ. ಎಷ್ಟು ಅಲ್ಲಾಡಿತು ಅನ್ನೋದನ್ನ ವಿದ್ಯುತ್ತಿನ ವ್ಯತ್ಯಾಸದಿಂದ ಅಳೀತಾರೆ. ಮೇಲೆ-ಕೆಳಗೆ, ಎಡ-ಬಲ, ಹಿಂದೆ-ಮುಂದೆ, ಹೀಗೆ ಮೂರು ದಿಕ್ಕಲ್ಲಿ. ನಾವು ನಡೆಯುವಾಗ ಒಂದೇ ಲಯದಲ್ಲಿ ಏರಿಳಿತ ಬರುತ್ತಲ್ಲ, ಆ ಏರುಗಳನ್ನ ಸಾಫ್ಟ್‌ವೇರ್ ಎಣಿಸುತ್ತೆ. ಒಂದು ಏರು, ಒಂದು ಹೆಜ್ಜೆ.

ಅಂದ್ರೆ ಫೋನಿಗೆ ನಿಮ್ಮ ಕಾಲು ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಕುಲುಕಾಟ ಮಾತ್ರ. ಅದಕ್ಕೇ ಗುಂಡಿ ಬಿದ್ದ ರೋಡಲ್ಲಿ ಆಟೋದಲ್ಲಿ ಕೂತಿದ್ರೂ ಕೆಲವು ಸಲ ಹೆಜ್ಜೆ ಏರುತ್ತೆ. ಅಮ್ಮ ಫೋನನ್ನ ಫ್ರಿಡ್ಜ್ ಮೇಲಿಟ್ಟು ಇಡೀ ದಿನ ಅಡುಗೆಮನೆಯಲ್ಲಿ ಓಡಾಡಿದ್ರೆ ಲೆಕ್ಕ ಸೊನ್ನೆ. ನಮ್ಮನೆಯಲ್ಲಿ ಅತಿ ಹೆಚ್ಚು ನಡೆಯೋದು ಅಮ್ಮ, ಅತಿ ಕಡಿಮೆ ಸ್ಟೆಪ್ಸ್ ಇರೋದೂ ಅಮ್ಮಂದೇ.

ಈಗ ವರ್ಷಗಳು, ಬೇಗ ಬೇಗ. 2007ರಲ್ಲಿ ಐಫೋನ್ ಬಂತು. 2008ರ ಜುಲೈನಲ್ಲಿ ಆ್ಯಪ್ ಸ್ಟೋರ್, ಅದೇ ವರ್ಷ ಅಕ್ಟೋಬರಲ್ಲಿ ಆಂಡ್ರಾಯ್ಡ್ ಮಾರ್ಕೆಟ್. ಓಟ ದಾಖಲಿಸೋ ರನ್‌ಕೀಪರ್ 2008ರದ್ದು, ಸ್ಟ್ರಾವಾ 2009ರದ್ದು. ಆಗ ಜಿಪಿಎಸ್ ಹಾಕಿದ್ರೆ ಬ್ಯಾಟರಿ ಕರಗಿ ಹೋಗ್ತಿತ್ತು. 2013ರ ಐಫೋನ್ 5ಎಸ್‌ನಲ್ಲಿ ಚಲನೆ ಅಳೆಯೋಕೇ ಅಂತ ಬೇರೆ ಒಂದು ಸಣ್ಣ ಚಿಪ್ ಇಟ್ಟರು. ಅಲ್ಲಿಂದ ಹೆಜ್ಜೆ ಎಣಿಸೋದು ನಾವು ಶುರು ಮಾಡೋ ಕೆಲಸ ಆಗಿ ಉಳೀಲಿಲ್ಲ, ಇಪ್ಪತ್ನಾಲ್ಕು ಗಂಟೆ ತಾನಾಗೇ ನಡೆಯೋ ಕೆಲಸ ಆಯ್ತು. 2014ರಲ್ಲಿ ಆಪಲ್ ಹೆಲ್ತ್, ಗೂಗಲ್ ಫಿಟ್ ಎರಡೂ ಬಂದ್ವು.

ನಮ್ಮಂಥ ಮನೆಗಳಿಗೆ ಇದೆಲ್ಲ ಬಂದಿದ್ದು ಇನ್ನೂ ತಡವಾಗಿ. 2016ರ ಸೆಪ್ಟೆಂಬರಲ್ಲಿ ಜಿಯೋ ಶುರುವಾಗಿ ಡೇಟಾ ಅಗ್ಗ ಆದ ಮೇಲೆ. ಅಲ್ಲಿವರೆಗೂ ಅಪ್ಪನ ಫೋನ್ ಬರೀ "ಹಲೋ, ಸಕ್ಕರೆ ಎಷ್ಟು ಮೂಟೆ?" ಅನ್ನೋಕೆ.

#ಫೋನೊಳಗೇನಿದೆ #ಹೆಜ್ಜೆಲೆಕ್ಕ

ಭಾಗ 5/10

ಈ ಭಾಗ ನನಗೆ ತುಂಬ ಇಷ್ಟ.

2011ರಲ್ಲಿ ಬೆಂಗಳೂರಿನಲ್ಲಿ ಇಬ್ಬರು ಹುಡುಗರು ರೂಮ್‌ಮೇಟ್ಸ್. ತುಷಾರ್ ವಶಿಷ್ಠ, ಮ್ಯಾಥ್ಯೂ ಚೆರಿಯನ್. ಇಬ್ಬರೂ ಅಮೆರಿಕದಲ್ಲಿ ಓದಿ ಬಂದವರು, ಆಧಾರ್ ಯೋಜನೆಯಲ್ಲಿ ಕೆಲಸ ಮಾಡಿದವರು. ನಮ್ಮ ದೇಶದ ಸಾಮಾನ್ಯ ಮನುಷ್ಯ ಹೇಗೆ ಬದುಕ್ತಾನೆ ಅಂತ ತಿಳ್ಕೊಳ್ಳೋಕೆ ಒಂದು ಪ್ರಯೋಗ ಮಾಡಿದ್ರು. ಬಾಡಿಗೆ ಬಿಟ್ಟು ದಿನಕ್ಕೆ 100 ರೂಪಾಯಿಯಲ್ಲಿ ಬದುಕೋದು.

ಅದೇ ವರ್ಷ ಸೆಪ್ಟೆಂಬರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಒಂದು ಲೆಕ್ಕ ಕೊಟ್ಟಿತ್ತು: ಪಟ್ಟಣದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಖರ್ಚು ಮಾಡಬಲ್ಲವನು ಬಡವನಲ್ಲ. ದೇಶದಲ್ಲೆಲ್ಲ ಗಲಾಟೆ. ಇವರಿಬ್ಬರೂ ಮುಂದಿನ ಹೆಜ್ಜೆ ಇಟ್ಟರು. ಕೇರಳದ ಕರುಕಚ್ಚಾಲ್ ಅನ್ನೋ ಊರಿಗೆ ಹೋಗಿ ಆ ಬಡತನ ರೇಖೆಯ ದುಡ್ಡಲ್ಲೇ ಕೆಲವು ದಿನ ಬದುಕಿದ್ರು. ಊಟ ಅಂದ್ರೆ ಅಕ್ಕಿ, ಗೆಡ್ಡೆ, ಬಾಳೆಹಣ್ಣು, ಹಾಲಿಲ್ಲದ ಟೀ. ದಿನವಿಡೀ ತಲೆಯಲ್ಲಿ ಓಡೋದು ಊಟದ ಯೋಚನೆಯೊಂದೇ. ಕೈಯಲ್ಲಿರೋ ದುಡ್ಡಿಗೆ ಎಷ್ಟು ಶಕ್ತಿ, ಎಷ್ಟು ಪ್ರೊಟೀನ್ ಸಿಗುತ್ತೆ ಅಂತ ಲೆಕ್ಕ.

ಮರುವರ್ಷ, 2012ರಲ್ಲಿ, ಇವರಿಬ್ಬರು ಸಚಿನ್ ಶೆಣೈ ಜೊತೆ ಸೇರಿ ಬೆಂಗಳೂರಲ್ಲಿ ಕಟ್ಟಿದ ಕಂಪನಿಯೇ ಹೆಲ್ತಿಫೈಮಿ. ಇಡ್ಲಿ, ದೋಸೆ, ಪರಾಠ, ದಾಲ್‌ನ ಕ್ಯಾಲೊರಿ ಹೇಳೋ ಆ್ಯಪ್. ಅದಕ್ಕಿಂತ ಮುಂಚಿನ ವಿದೇಶಿ ಆ್ಯಪ್‌ಗಳಲ್ಲಿ ಬರ್ಗರ್‌ದು ಸಲೀಸಾಗಿ ಸಿಗ್ತಿತ್ತು, ಬಿಸಿಬೇಳೆಬಾತ್ ಹುಡುಕಿದ್ರೆ ಕಷ್ಟ.

ಇಲ್ಲಿ ಒಂದು ವಿಚಿತ್ರ ಇದೆ ನೋಡಿ. ಹೊಟ್ಟೆ ತುಂಬಾ ಸಿಗದವರ ಊಟ ಎಣಿಸೋಕೆ ಕೂತವರು, ಮುಂದಿನ ವರ್ಷ ಜಾಸ್ತಿ ತಿನ್ನೋರ ಊಟ ಎಣಿಸೋ ಆ್ಯಪ್ ಮಾಡಿದ್ರು. ನಾನು ಇದನ್ನ ತಪ್ಪು ಅಂತ ಹೇಳ್ತಿಲ್ಲ. ಕಾಮರ್ಸ್ ಓದೋರಿಗೆ ಕಾರಣ ಗೊತ್ತಿದೆ. ದಿನಕ್ಕೆ 32 ರೂಪಾಯಿಯವನು ಪ್ರೀಮಿಯಂ ಪ್ಲಾನ್ ತಗೊಳ್ಳಲ್ಲ. ಆದ್ರೆ ಒಂದೇ ಕ್ಯಾಲೊರಿ ಅನ್ನೋ ಅಳತೆ ಒಬ್ಬರಿಗೆ 'ಇಷ್ಟಾದ್ರೂ ಸಿಗಲಿ' ಅಂತಲೂ, ಇನ್ನೊಬ್ಬರಿಗೆ 'ಇಷ್ಟಕ್ಕೇ ನಿಲ್ಲಿಸು' ಅಂತಲೂ ಹೇಳುತ್ತೆ. ನಾನು ಆ ಎರಡರ ಮಧ್ಯೆ ಎಲ್ಲಿದ್ದೆ ಅನ್ನೋದು ನನಗೆ ತಡವಾಗಿ ಗೊತ್ತಾಯ್ತು.

#ನೂರುರೂಪಾಯಿಬದುಕು #ಬೆಂಗಳೂರುಸ್ಟಾರ್ಟಪ್

ಭಾಗ 6/10

ಇವತ್ತು ಮುದ್ದೆ ವಿಚಾರ. ಹಾಸನ, ಮಂಡ್ಯ, ತುಮಕೂರು, ಕೋಲಾರದ ಗೆಳೆಯರು ಹತ್ತಿರ ಬನ್ನಿ.

ಆ್ಯಪ್‌ಗಳಿಗೆ ನಮ್ಮ ಊಟದ ಅಂಕಿಗಳು ಎಲ್ಲಿಂದ ಬರ್ತವೆ? ಅದಕ್ಕೆ ಬುಡದಲ್ಲಿ ಸರ್ಕಾರಿ ವಿಜ್ಞಾನಿಗಳ ಹತ್ತಾರು ವರ್ಷದ ದುಡಿಮೆ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ಅಂದ್ರೆ ಎನ್‌ಐಎನ್, 1918ರಲ್ಲಿ ಕೂನೂರಿನಲ್ಲಿ ಒಂದು ಸಣ್ಣ ಪ್ರಯೋಗಾಲಯವಾಗಿ ಶುರುವಾಯ್ತು. 2017ರಲ್ಲಿ ಅವರು ಪ್ರಕಟಿಸಿದ ಆಹಾರ ಪಟ್ಟಿಯಲ್ಲಿ ದೇಶದ ಆರು ವಲಯಗಳಿಂದ ತಂದು ಪರೀಕ್ಷೆ ಮಾಡಿದ 528 ಆಹಾರ ಪದಾರ್ಥಗಳಿವೆ. ಅದರಲ್ಲಿ ನಮ್ಮ ರಾಗಿಯೂ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ.

ಪಟ್ಟಿ ಸರಿಯಾಗೇ ಇದೆ. ತೊಂದರೆ ಶುರುವಾಗೋದು 'ಒಂದು ಮುದ್ದೆ' ಅಂತ ಬರೆಯೋವಾಗ. ಯಾರ ಮನೆ ಮುದ್ದೆ? ನಮ್ಮಜ್ಜಿ ಕೈ ಮುದ್ದೆ ಹಾಕಿದ್ರೆ ತಟ್ಟೆಯಲ್ಲಿ ಸಾರಿಗೆ ಜಾಗ ಇರ್ತಿರಲಿಲ್ಲ. ಹೋಟೆಲಿನ ಮುದ್ದೆ ಕ್ರಿಕೆಟ್ ಬಾಲ್. ಅಮ್ಮ ಒಂದು ದಿನ ಗಟ್ಟಿ ಮಾಡ್ತಾರೆ, ಒಂದು ದಿನ ಮೆತ್ತಗೆ. ನೀರಿಗೆ ಕ್ಯಾಲೊರಿ ಇಲ್ಲ, ಹಿಟ್ಟಿಗೆ ಇದೆ. ಹಿಟ್ಟು ಎಷ್ಟು ಬಿತ್ತು ಅನ್ನೋದು ಅಮ್ಮನ ಕೈಗೆ ಮಾತ್ರ ಗೊತ್ತು, ಅವರು ಅದನ್ನ ಯಾವತ್ತೂ ಅಳೆದಿಲ್ಲ. ಹೀಗಿರುವಾಗ ಆ್ಯಪ್ ಬಂದು ಮುದ್ದೆಗೆ ಒಂದು ಅಂಕಿ ಕೊಡುತ್ತೆ, ಅದೂ ಬಿಡಿ ಸ್ಥಾನದವರೆಗೆ ಖಚಿತವಾಗಿ. ಅಂದಾಜಿಗೆ ಪ್ಯಾಂಟು ಶರಟು ಹಾಕಿ ಕೂರಿಸಿದ್ರೆ ಅದು ಆಡಿಟ್ ರಿಪೋರ್ಟ್ ಆಗಲ್ಲ.

ಇನ್ನೊಂದು ವಿಷಯ. ನಾವು ಯಲಹಂಕದವರು ದಿನಾ ಬಸ್ಸಲ್ಲಿ ದಾಟಿ ಹೋಗೋ ಜಿಕೆವಿಕೆ ಕ್ಯಾಂಪಸ್ ಇದೆಯಲ್ಲ, ಕೃಷಿ ವಿಶ್ವವಿದ್ಯಾಲಯ. ಕರ್ನಾಟಕದ ಹೊಲಗಳಲ್ಲಿ ಹೆಸರು ಮಾಡಿದ ಜಿಪಿಯು-28 ಅನ್ನೋ ರಾಗಿ ತಳಿ ಬಂದಿದ್ದು ಅಲ್ಲಿಂದಲೇ. ಬೆಂಕಿ ರೋಗ ತಡೆಯೋ ತಳಿ ಅದು. ನಮ್ಮ ತಟ್ಟೆಯ ಮುದ್ದೆಯ ಇತಿಹಾಸ ನಮ್ಮ ಬಸ್ ರೂಟಲ್ಲೇ ಇದೆ. ಅದನ್ನ ನಾನು ನೋಡಿರಲಿಲ್ಲ. ಆ ವರ್ಷ ನನಗೆ ಮುದ್ದೆ ಅಂದ್ರೆ ಒಂದು ಕೆಂಪು ಅಂಕಿ ಆಗಿತ್ತು.

#ರಾಗಿಮುದ್ದೆ #ಜಿಕೆವಿಕೆ #ಬಸ್ಸಾರುಪ್ರಿಯರು

ಭಾಗ 7/10

ಬಿ.ಕಾಂ. ಗೆಳೆಯರಿಗಾಗಿ ಒಂದು ಭಾಗ. ಬೇರೆಯವರೂ ಓದಬಹುದು, ಜರ್ನಲ್ ಎಂಟ್ರಿ ಹಾಕಲ್ಲ.

ಈ ಆ್ಯಪ್‌ಗಳು ದುಡ್ಡು ಮಾಡೋದು ಹೇಗೆ? ಬೆಂಗಳೂರೇ ಇದರ ದೊಡ್ಡ ಪ್ರಯೋಗಶಾಲೆ. 2008ರಲ್ಲಿ ಸುರತ್ಕಲ್ ಎನ್‌ಐಟಿಯಲ್ಲಿ ಓದಿದ ಶಶಾಂಕ್ ಎನ್.ಡಿ. ಮತ್ತು ಅಭಿನವ್ ಲಾಲ್ ಪ್ರಾಕ್ಟೊ ಶುರು ಮಾಡಿದ್ರು. 2016ರಲ್ಲಿ ಮಿಂತ್ರಾ ಕಟ್ಟಿದ ಮುಕೇಶ್ ಬನ್ಸಾಲ್ ಮತ್ತು ಫ್ಲಿಪ್‌ಕಾರ್ಟ್‌ನಿಂದ ಬಂದ ಅಂಕಿತ್ ನಾಗೋರಿ ಸೇರಿ ಕ್ಯೂರ್‌ಫಿಟ್ ತೆರೆದ್ರು. ಬೆಂಗಳೂರಿನ ಕಲ್ಟ್ ಜಿಮ್ ಅದರೊಳಗೆ ಬಂತು. 2020ರ ಲಾಕ್‌ಡೌನಲ್ಲಿ ಜಿಮ್‌ಗಳಿಗೆ ಬೀಗ ಬಿದ್ದಾಗ ಕ್ಲಾಸ್‌ಗಳು ಫೋನಿಗೆ ಬಂದ್ವು. 2021ರಲ್ಲಿ ಟಾಟಾ ಡಿಜಿಟಲ್ ಅದರಲ್ಲಿ 7.5 ಕೋಟಿ ಡಾಲರ್‌ವರೆಗೆ ಹೂಡೋದಾಗಿ ಹೇಳ್ತು. ಬಟ್ಟೆ ಮಾರಿದ ಅನುಭವ ವ್ಯಾಯಾಮ ಮಾರೋಕೆ ಬಂತು.

ಈಗ ಒಂದು ಲೆಕ್ಕ. 2006ರಲ್ಲಿ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ಜಿಮ್‌ಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದ್ರು. ತಿಂಗಳಿಗೆ 70 ಡಾಲರ್‌ಗೂ ಹೆಚ್ಚು ಕಟ್ಟೋ ಸದಸ್ಯರು ಸರಾಸರಿ ಹೋಗ್ತಿದ್ದದ್ದು ತಿಂಗಳಿಗೆ 4.3 ಸಲ. ಒಂದು ಸಲಕ್ಕೆ ಬಿದ್ದ ಬೆಲೆ 17 ಡಾಲರ್. ಹತ್ತು ಸಲದ ಪಾಸ್ ತಗೊಂಡಿದ್ರೆ ಸಲಕ್ಕೆ 10 ಡಾಲರಲ್ಲಿ ಮುಗೀತಿತ್ತು! ಯಾಕೆ ಜಾಸ್ತಿ ಕೊಟ್ಟರು? ನಾಳೆಯಿಂದ ದಿನಾ ಹೋಗ್ತೀನಿ ಅನ್ನೋ ನಂಬಿಕೆಗೆ.

ಜನವರಿಯಲ್ಲಿ ಒಂದು ವರ್ಷದ ಪ್ಲಾನ್ ತಗೊಂಡೋರು ಕೈ ಎತ್ತಿ. ನಾನೂ ಎತ್ತಿದ್ದೀನಿ.

ಅಪ್ಪನ ಅಂಗಡಿಯಲ್ಲಿ ಸಾಲದ ಪುಸ್ತಕ ಇದೆ. ಯಾರು ಏನು ತಗೊಂಡ್ರೋ ಅದಕ್ಕೇ ದುಡ್ಡು. ತಗೊಳ್ಳದೇ ಇದ್ದದ್ದಕ್ಕೆ ದುಡ್ಡು ಇಸ್ಕೊಳ್ಳೋದು ಅಪ್ಪಂಗೆ ಹೇಳಿದ್ರೆ ನಗ್ತಾರೆ. ಸಬ್‌ಸ್ಕ್ರಿಪ್ಷನ್ ಅಂದ್ರೆ ಅದೇ. ನೀವು ಬಂದ್ರೂ ಲಾಭ, ಬರದಿದ್ರೆ ಇನ್ನೂ ಲಾಭ. ಗರಡಿಯ ಉಸ್ತಾದನಿಗೆ ನೀನು ಬರದಿದ್ರೆ ಬೇಜಾರು. ಈ ವ್ಯತ್ಯಾಸ ಸಣ್ಣದಲ್ಲ.

#ಬಿಕಾಂಬದುಕು #ಜಿಮ್‌ಗೆಹೋಗದವರಸಂಘ

ಭಾಗ 8/10

2020ರ ಮಾರ್ಚ್. ನಾನಾಗ ಒಂಬತ್ತನೇ ಕ್ಲಾಸು. ಪರೀಕ್ಷೆ ಇಲ್ದೆ ಪಾಸಾದ ಬ್ಯಾಚು ನಮ್ಮದು.

ನಾವು ಖುಷಿಯಲ್ಲಿದ್ದಾಗ ಹೊರಗಡೆ ಏನೇನೋ ನಡೀತಿತ್ತು. ವಿದೇಶದಿಂದ ಬಂದು ಮನೆಯಲ್ಲಿ ಕ್ವಾರಂಟೈನ್ ಆಗಿದ್ದವರ ವಿಳಾಸಗಳ ಪಟ್ಟಿಯನ್ನ ಕರ್ನಾಟಕ ಸರ್ಕಾರ ಪ್ರಕಟಿಸಿತು. ಮಾರ್ಚ್ ಕೊನೆಗೆ ಇನ್ನೊಂದು ಆದೇಶ: ಕ್ವಾರಂಟೈನಲ್ಲಿ ಇರೋರು 'ಕ್ವಾರಂಟೈನ್ ವಾಚ್' ಆ್ಯಪ್‌ನಲ್ಲಿ ಗಂಟೆಗೊಂದು ಸೆಲ್ಫಿ ಕಳಿಸ್ಬೇಕು. ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ. ಫೋಟೊ ಜೊತೆ ಇರೋ ಜಾಗವೂ ಹೋಗುತ್ತೆ. ಕಳಿಸದಿದ್ರೆ ಸರ್ಕಾರಿ ಕ್ವಾರಂಟೈನ್. ಏಪ್ರಿಲ್ 2ಕ್ಕೆ ಕೇಂದ್ರದ ಆರೋಗ್ಯ ಸೇತು ಬಂತು. ಬ್ಲೂಟೂತ್‌ನಿಂದ ಯಾರ ಪಕ್ಕ ಯಾರಿದ್ರು ಅಂತ ಗುರುತಿಸೋದು. ಎರಡೇ ವಾರದೊಳಗೆ ಐದು ಕೋಟಿ ಡೌನ್‌ಲೋಡ್.

ಸೋಂಕು ಹರಡ್ತಿದ್ದ ಕಾಲ, ಸರ್ಕಾರಕ್ಕೂ ಭಯ ಇತ್ತು. ಅದನ್ನ ಮರೀಬಾರದು. ಆದ್ರೆ ಅವತ್ತು ಒಂದು ಸಂಗತಿ ಎಲ್ಲರಿಗೂ ಕಂಡಿತು: ಆರೋಗ್ಯದ ಆ್ಯಪ್ ನಮ್ಮನ್ನ ನೋಡ್ಕೊಳ್ಳೋದೂ ಉಂಟು, ನಮ್ಮ ಮೇಲೆ ಕಣ್ಣಿಡೋದೂ ಉಂಟು. ಮೂರನೇ ಭಾಗದ ಕಾಗದ ನೆನಪಿದೆಯಾ? ಅದಕ್ಕೆ ಕಣ್ಣು ಬಂದಿತ್ತು.

ಇಲ್ಲಿ ಒಬ್ಬ ಕನ್ನಡಿಗರ ಹೆಸರು ಹೇಳಲೇಬೇಕು. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜ್. 2012ರಲ್ಲಿ, 86ರ ವಯಸ್ಸಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ್ರು. ಅದೇ ಕೇಸಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ಜಡ್ಜ್‌ಗಳ ಪೀಠ ಒಮ್ಮತದಿಂದ ಹೇಳಿತು: ಖಾಸಗಿತನ ಮೂಲಭೂತ ಹಕ್ಕು. ಅವರು 2024ರ ಅಕ್ಟೋಬರಲ್ಲಿ ತೀರಿಕೊಂಡ್ರು. ನಮ್ಮ ವಯಸ್ಸಿನ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು?

ಹೊರದೇಶದ್ದು ಎರಡು ಉದಾಹರಣೆ ಸಾಕು. 2018ರ ಜನವರಿಯಲ್ಲಿ ಸ್ಟ್ರಾವಾ ಆ್ಯಪ್‌ನ ನಕ್ಷೆಯಲ್ಲಿ ಸೈನಿಕರು ಓಡಿದ ದಾರಿಗಳು ಹೊಳೆದು, ಸೇನಾ ನೆಲೆಗಳ ಆಕಾರವೇ ಕಂಡುಬಿಡ್ತು. ಯಲಹಂಕದ ವಾಯುಪಡೆ ನೆಲೆಯ ಪಕ್ಕ ಬೆಳೆದ ನನಗೆ ಇದನ್ನ ಓದಿ ಮೈ ಜುಂ ಅಂತು. 2021ರ ಜನವರಿಯಲ್ಲಿ ಅಮೆರಿಕದ ವ್ಯಾಪಾರ ಆಯೋಗ ಫ್ಲೋ ಅನ್ನೋ ಮುಟ್ಟಿನ ಆ್ಯಪ್ ಮೇಲೆ ಆರೋಪ ಹೊರಿಸಿತು: ಹೆಂಗಸರ ಮಾಹಿತಿ ಫೇಸ್‌ಬುಕ್, ಗೂಗಲ್‌ನಂಥ ಕಂಪನಿಗಳಿಗೆ ಹೋಗಿದೆ ಅಂತ. ಕೊನೆಗೆ ರಾಜಿಯಾಯ್ತು. ಅಮ್ಮಂಗೂ ಹೇಳದ ವಿಷಯ ನಾವು ಆ್ಯಪ್‌ಗೆ ಹೇಳ್ತೀವಿ, ಹುಡುಗೀರೇ. ಸ್ವಲ್ಪ ಯೋಚಿಸಿ.

#ಪುಟ್ಟಸ್ವಾಮಿ #ಖಾಸಗಿತನ

ಭಾಗ 9/10

ಸರಿ. ಬಸ್‌ಸ್ಟಾಪ್ ಕಥೆ.

ಎರಡನೇ ಸೆಮ್ ರಜೆಯಲ್ಲಿ ಮದುವೆಯೊಂದರ ಫೋಟೊ ಬಂತು. ಯಾರೋ ಅತ್ತೆ "ಸ್ವಲ್ಪ ದಪ್ಪ ಆಗಿದ್ದಾಳೆ ಅಲ್ವಾ" ಅಂದ್ರು. ಅವತ್ತೇ ರಾತ್ರಿ ಒಂದು ಆ್ಯಪ್ ಹಾಕ್ಕೊಂಡೆ. ಯಾವುದು ಅಂತ ಹೇಳಲ್ಲ. ತೂಕ ಎಷ್ಟು, ಎಷ್ಟು ಬೇಕು, ಎಷ್ಟು ಬೇಗ ಬೇಕು ಅಂತ ಕೇಳ್ತು. 'ಬೇಗ' ಅಂತ ಒತ್ತಿದೆ. ದಿನಕ್ಕೆ 1,200 ಕ್ಯಾಲೊರಿ ಅಂತು.

ಮೊದಲ ವಾರ ಮಜಾ ಇತ್ತು. ನನಗೆ ಲೆಕ್ಕ ಅಂದ್ರೆ ಇಷ್ಟ, ಟ್ಯಾಲಿ ಆದ್ರೆ ಸಮಾಧಾನ. 1,200 ಒಳಗಿದ್ರೆ ಹಸಿರು, ದಾಟಿದ್ರೆ ಕೆಂಪು. ಆಮೇಲೆ 1,100ಕ್ಕೇ ನಿಲ್ಲಿಸಿದ್ರೆ ಇನ್ನೂ ಖುಷಿ. ಆಮೇಲೆ 900. ಮುದ್ದೆ ಬಿಟ್ಟೆ. ಸೊಪ್ಪಿನ ಸಾರು ಬಿಟ್ಟೆ, ಯಾಕಂದ್ರೆ ಒಗ್ಗರಣೆ ಎಣ್ಣೆ ಎಷ್ಟು ಅಂತ ನಮೂದಿಸೋಕಾಗ್ತಿರಲಿಲ್ಲ. ಲೆಕ್ಕ ಗೊತ್ತಾಗೋದನ್ನ ಮಾತ್ರ ತಿಂತಿದ್ದೆ: ಪ್ಯಾಕೆಟ್ ಮೇಲೆ ಅಂಕಿ ಬರೆದಿರೋ ಬಿಸ್ಕತ್ತು. ಹಸಿವಾದ್ರೆ ಟೀ. ಅಮ್ಮ ಕೇಳಿದ್ರೆ "ಕಾಲೇಜಲ್ಲಿ ತಿಂದೆ" ಅಂತಿದ್ದೆ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹೆಬ್ಬಾಳದಲ್ಲಿ ಯಲಹಂಕ ಬಸ್ಸಿಗೆ ಕಾಯ್ತಾ ನಿಂತಿದ್ದೆ. ಫ್ಲೈಓವರ್ ಓರೆಯಾದ ಹಾಗೆ ಕಾಣ್ತು. ಎಚ್ಚರ ಆದಾಗ ಹೂ ಮಾರೋ ಅಮ್ಮ ಒಬ್ಬರ ತೊಡೆ ಮೇಲೆ ತಲೆ ಇತ್ತು. "ಏನ್ ತಿಂದಿದ್ದೆ ಮಗಾ ಬೆಳಗ್ಗೆಯಿಂದ?" ಅಂತ ಕೇಳಿದ್ರು. ಮೂರು ತಿಂಗಳಲ್ಲಿ ನನ್ನ ಊಟದ ಬಗ್ಗೆ ಅಂಕಿ ಕೇಳದೇ ಇದ್ದ ಮೊದಲ ಪ್ರಶ್ನೆ ಅದು. ಅಳು ಬಂದುಬಿಡ್ತು.

ರಕ್ತ ಪರೀಕ್ಷೆ ಮಾಡಿಸಿದ್ರು. ಹಿಮೋಗ್ಲೋಬಿನ್ 8.6. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ರೆ ರಕ್ತಹೀನತೆ. ಡಾಕ್ಟ್ರು ನನ್ನ ಆ್ಯಪ್ ನೋಡಿದ್ರು. ತೊಂಬತ್ತು ದಿನ ಸಾಲಾಗಿ ಹಸಿರು. "ಇದರಲ್ಲಿ ಕಬ್ಬಿಣದ ಅಂಶ ಎಷ್ಟು ಅಂತ ಯಾವತ್ತಾದ್ರೂ ನೋಡಿದ್ಯಾ?" ಅಂದ್ರು. ಇಲ್ಲ. ನಾನು ನೋಡ್ತಿದ್ದದ್ದು ಒಂದೇ ಅಂಕಿ. ಊಟದ ಜೊತೆ ಟೀ ಕುಡಿದ್ರೆ ಕಬ್ಬಿಣ ಮೈಗೆ ಹತ್ತೋದು ಕಮ್ಮಿ ಅಂತಾನೂ ಅವತ್ತೇ ಗೊತ್ತಾಗಿದ್ದು.

ನಾನೊಬ್ಬಳೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ. 48ರಷ್ಟು ಜನಕ್ಕೆ ರಕ್ತಹೀನತೆ. ದೇಶದಲ್ಲಿ ಶೇ. 57. ನಮ್ಮ ಕ್ಲಾಸಲ್ಲಿ ಮುಂದಿನ ಬೆಂಚಿಂದ ಎಣಿಸ್ಕೊಂಡು ಬನ್ನಿ, ಇಬ್ಬರಲ್ಲಿ ಒಬ್ಬಳು. ಅಂಥ ಹುಡುಗೀರ ಫೋನ್ 'ಇನ್ನೂ ಕಮ್ಮಿ ತಿನ್ನು' ಅಂತ ಹೇಳ್ತಿದೆ.

ಆಸ್ಪತ್ರೆಯಿಂದ ಬಂದ ರಾತ್ರಿ ಅಮ್ಮ ಅಡುಗೆಮನೆಯಲ್ಲಿ ಅಪ್ಪನ ಅಂಗಡಿಯ ತಕ್ಕಡಿ ಇಟ್ಕೊಂಡು ಏನೋ ಮಾಡ್ತಿದ್ರು. ಹೋಗಿ ನೋಡಿದ್ರೆ ಮುದ್ದೆ ಹಿಟ್ಟು ತೂಗ್ತಿದ್ದಾರೆ. "ಇಷ್ಟು ಗ್ರಾಂ ಅಂತ ಬರ್ಕೊಡ್ತೀನಿ, ಅದರೊಳಗೆ ಹಾಕ್ಕೊ. ಆಮೇಲಾದ್ರೂ ತಿಂತೀಯಾ?" ಅಂದ್ರು.

ಆ್ಯಪ್ ಅವತ್ತೇ ತೆಗೆದೆ.

#ರಕ್ತಹೀನತೆ #ಹುಡುಗೀರೇಓದಿ

ಭಾಗ 10/10

ಕೊನೆ ಭಾಗ. ಇಷ್ಟು ದಿನ ಜೊತೆಗಿದ್ದೋರಿಗೆಲ್ಲ ಥ್ಯಾಂಕ್ಸ್. ನಿನ್ನೆ ಡಿಎಂನಲ್ಲಿ ತಮ್ಮ ಕಥೆ ಬರೆದ ಹುಡುಗೀರಿಗೆ ಬೇರೆಯಾಗಿ ಉತ್ತರ ಕೊಟ್ಟಿದ್ದೀನಿ. ಯಾರ ಹೆಸರೂ ಎಲ್ಲೂ ಹಾಕಲ್ಲ.

ಹಾಗಾದ್ರೆ ಎಲ್ಲ ಆ್ಯಪ್ ಡಿಲೀಟ್ ಮಾಡ್ಬೇಕಾ ಅಂತ ಕೇಳಿದ್ದೀರಿ. ಬೇಡ. ಅಪ್ಪ ಆ ಫೋನಿಂದಾಗೇ ಕುರ್ಚಿಯಿಂದ ಎದ್ದಿದ್ದು. ಹೆಜ್ಜೆ ಲೆಕ್ಕ ಇಲ್ದಿದ್ರೆ ಅವರು ಇವತ್ತಿಗೂ ಗಲ್ಲಾ ಮುಂದೆಯೇ ಇರ್ತಿದ್ರು. ಒಂದೇ ಮನೆಯಲ್ಲಿ ಒಂದು ಆ್ಯಪ್ ಅಪ್ಪನನ್ನ ಎಬ್ಬಿಸ್ತು, ಇನ್ನೊಂದು ನನ್ನನ್ನ ಕೆಡವಿತು. ಅದಕ್ಕೇ ಈ ಇತಿಹಾಸ ಬರೆದೆ. ಯಾರು ಎಣಿಸ್ತಿದ್ದಾರೆ, ಏನನ್ನ ಎಣಿಸ್ತಿದ್ದಾರೆ, ಯಾತಕ್ಕೆ, ಇಷ್ಟು ಗೊತ್ತಿರಲಿ.

ನಾನೀಗ ಇಷ್ಟು ಮಾಡ್ತೀನಿ:

ಒಂದು, ಹೊಸ ಆ್ಯಪ್ ಹಾಕಿದ್ರೆ ಲೊಕೇಶನ್, ಕಾಂಟ್ಯಾಕ್ಟ್ ಯಾಕೆ ಬೇಕು ಅಂತ ನೋಡ್ತೀನಿ. ಕಾರಣ ಕಾಣದಿದ್ರೆ ಪರ್ಮಿಷನ್ ಕೊಡಲ್ಲ. 2023ರಲ್ಲಿ ನಮ್ಮ ದೇಶದಲ್ಲೂ ಡಿಜಿಟಲ್ ಮಾಹಿತಿ ರಕ್ಷಣೆಗೆ ಕಾಯ್ದೆ ಪಾಸಾಗಿದೆ. ನಮ್ಮ ಮಾಹಿತಿ ಅಳಿಸಿ ಅಂತ ಕೇಳೋ ಹಕ್ಕು ಅದರಲ್ಲಿದೆ.

ಎರಡು, ವರ್ಷದ ಪ್ಲಾನ್ ತಗೊಳ್ಳಲ್ಲ. ಎಷ್ಟು ಸಲ ಹೋದೆ ಅಂತ ಭಾಗಿಸಿ ನೋಡ್ತೀನಿ.

ಮೂರು, ತೂಕ, ಊಟದ ಗುರಿ ಆ್ಯಪ್ ಹೇಳಿದ್ರೆ ಸಾಲದು. ಒಬ್ಬ ಡಾಕ್ಟ್ರೋ, ಆಹಾರ ತಜ್ಞರೋ ನನ್ನ ಮುಖ ನೋಡಿ ಹೇಳ್ಬೇಕು. ಊಟದ ಬಗ್ಗೆ ಸುಳ್ಳು ಹೇಳೋಕೆ ಶುರು ಮಾಡಿದ್ದೀನಿ ಅನ್ಸಿದ್ರೆ, ಆ ದಿನವೇ ಮನೆಯಲ್ಲಿ ಯಾರಿಗಾದ್ರೂ ಹೇಳ್ಬೇಕು. ಫೋನ್ ಬಿಡೋಕೇ ಆಗ್ತಿಲ್ಲ ಅನ್ನೋರಿಗೆ ನಮ್ಮೂರಲ್ಲೇ, ನಿಮ್ಹಾನ್ಸ್‌ನಲ್ಲಿ, 2014ರಿಂದ 'ಶಟ್' ಅನ್ನೋ ಕ್ಲಿನಿಕ್ ಇದೆ. ಹೋಗೋದಕ್ಕೆ ನಾಚಿಕೆ ಬೇಡ.

ನನ್ನ ಹಿಮೋಗ್ಲೋಬಿನ್ ಈಗ 11.4. ಇನ್ನೂ 12 ಆಗಿಲ್ಲ. ಮಾತ್ರೆ ನಡೀತಿದೆ, ಸೊಪ್ಪು, ಮುದ್ದೆ, ಮೇಲೆ ನಿಂಬೆಹಣ್ಣು. ಈ ಅಂಕಿ ಮಾತ್ರ ಬರ್ಕೊಳ್ತೀನಿ, ಅಪ್ಪನ ಸಾಲದ ಪುಸ್ತಕದ ಕೊನೇ ಹಾಳೆಯಲ್ಲಿ. ಪಕ್ಕದಲ್ಲಿ ಅಪ್ಪ ತಮ್ಮ ಶುಗರ್ ಬರ್ಕೊಳ್ತಾರೆ.

ಭಾನುವಾರ ಬೆಳಗ್ಗೆ ಅಪ್ಪನೂ ನಾನೂ ಯಲಹಂಕ ಕೆರೆ ಸುತ್ತ ಹೋಗ್ತೀವಿ. ಈ ಸಲ ಅಮ್ಮನ್ನೂ ಎಳ್ಕೊಂಡು ಹೋದ್ವಿ. ಅಮ್ಮ ಫೋನ್ ಮನೆಯಲ್ಲೇ ಬಿಟ್ಟು ಬಂದ್ರು. "ಎಷ್ಟು ಹೆಜ್ಜೆ ಆಯ್ತು ಅಂತ ಗೊತ್ತಾಗಲ್ವಲ್ಲೇ" ಅಂತ ಅಪ್ಪ ರೇಗಿಸಿದ್ರು. "ನಿಮ್ಮ ಜೊತೆ ಬಂದಿದ್ದೀನಲ್ಲ, ನಿಮ್ಮದರಲ್ಲಿ ನೋಡಿ ಎರಡರಿಂದ ಗುಣಿಸ್ಕೊಳ್ಳಿ, ನಿಮ್ಮ ಒಂದು ಹೆಜ್ಜೆಗೆ ನನ್ನದು ಎರಡು" ಅಂದ್ರು ಅಮ್ಮ.

ಸೇವ್ ಮಾಡ್ಕೊಳ್ಳಿ, ನಿಮ್ಮ ಕ್ಲಾಸ್ ಗ್ರೂಪಿಗೆ ಕಳಿಸಿ. ಮುಂದಿನ ಸೀರೀಸ್ ಯಾವುದರ ಬಗ್ಗೆ ಬೇಕು? ಯಶವಂತಪುರ ಮಾರ್ಕೆಟ್ಟಾ, ಆರ್.ಟಿ. ನಗರದ ಹಳೇ ಸಿಂಗಲ್ ಸ್ಕ್ರೀನ್ ನೆನಪುಗಳಾ? ಕಾಮೆಂಟಲ್ಲಿ ಹೇಳಿ.

#ಹತ್ತುಸಾವಿರಹೆಜ್ಜೆ #ಯಲಹಂಕಕೆರೆ #ಮುಗೀತು